ಐದು ರಾತ್ರಿಯ ಸಂಬಳ

ತೊಂಬತ್ತರ ದಶಕದಲ್ಲಿ ಕರ್ನಾಟಕದ ಊರುಗಳಲ್ಲಿ ಮನೆ ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆದಿರುತ್ತಿದ್ದರು. ರಾತ್ರಿ ಹೊತ್ತು ಮನೆಯವರದೇ ದನಿಯಲ್ಲಿ ಕೂಗುವ ದೆವ್ವ, ಓಗೊಟ್ಟು ಬಾಗಿಲು ತೆಗೆದರೆ ಸಾವು. ಬರೆದದ್ದನ್ನು ಓದಿಕೊಂಡು ದೆವ್ವ ವಾಪಸು ಹೋಗುತ್ತದೆ, ಮರುದಿನ ಬಂದು ಮತ್ತೆ ಅದನ್ನೇ ಓದುತ್ತದೆ. ದೆವ್ವ ನೋಡಲು ಹೇಗಿದೆ ಎನ್ನುವುದು ಊರಿಂದೂರಿಗೆ ಬದಲಾಗುತ್ತಿತ್ತು, ಬಾಗಿಲ ಬರಹ ಮಾತ್ರ ಒಂದೇ. ನಮ್ಮ ನಾಡಿನ ಅತಿ ಕಡಿಮೆ ಖರ್ಚಿನ ಹಾರರ್ ಕೃತಿ ಇದೇ ಇರಬೇಕು. ಬೇಕಾದದ್ದು ಒಂದು ಇದ್ದಿಲ ಚೂರು. 2018ರಲ್ಲಿ ಹಿಂದಿಯ 'ಸ್ತ್ರೀ' ಸಿನಿಮಾ ಇದೇ ಉಪಾಯವನ್ನು ಎತ್ತಿಕೊಂಡು ದೊಡ್ಡ ಹಿಟ್ ಆಯಿತು.

ದೊಡ್ಡ ಕಂಪನಿಗಳ ದುಡ್ಡಿಲ್ಲದೆ ಒಬ್ಬರೋ ಇಬ್ಬರೋ ಕೂತು ಮಾಡುವ ಇಂಡಿ ವಿಡಿಯೋ ಗೇಮುಗಳಲ್ಲಿ ಹಾರರ್‌ಗೇ ಯಾಕೆ ಇಷ್ಟು ಜನ ಮುತ್ತಿಕೊಳ್ಳುತ್ತಾರೆ ಎಂದು ಗೆಳೆಯರು ಕೇಳಿದಾಗಲೆಲ್ಲ ನನಗೆ ಆ ಇದ್ದಿಲ ಚೂರೇ ನೆನಪಾಗುತ್ತದೆ. ಬೇರೆ ಬಗೆಯ ಆಟಗಳಲ್ಲಿ ಬಡತನ ಎದ್ದು ಕಾಣುತ್ತದೆ. ರೇಸಿಂಗ್ ಆಟದಲ್ಲಿ ಕಾರು ಚೆನ್ನಾಗಿ ಓಡದಿದ್ದರೆ ಮುಗಿಯಿತು. ಪುಣೆಯ ಸಣ್ಣ ತಂಡವೊಂದು 'ರಾಜಿ' ಎಂಬ ಸಾಹಸದ ಆಟ ಮಾಡಿತು. ಕೋಟೆ, ದೇಗುಲ, ಗೋಡೆಚಿತ್ರ, ಹುಡುಗಿಯ ಒಂದೊಂದು ಜಿಗಿತ, ಎಲ್ಲವನ್ನೂ ತೋರಿಸಲೇಬೇಕಿತ್ತು. ಜನರಿಂದ ಹಣ ಎತ್ತುವ ಪ್ರಯತ್ನ 2017ರಲ್ಲಿ ಕೈಗೂಡಲಿಲ್ಲ, ಆಟ ಹೊರಬರುವಾಗ 2020. ಹಾರರ್‌ನಲ್ಲಾದರೆ ದೀಪ ಆರಿಸಿಬಿಟ್ಟರೆ ಅರ್ಧ ಖರ್ಚು ಉಳಿಯುತ್ತದೆ, ಮೇಲಾಗಿ ಆಟವೂ ಚೆನ್ನಾಗುತ್ತದೆ!

ಸ್ಕಾಟ್ ಕಾಥನ್ ಎಂಬ ಅಮೆರಿಕದವನ ಕತೆ ಇದಕ್ಕೆ ಒಳ್ಳೆಯ ಸಾಕ್ಷಿ. ಅವನು ಮಕ್ಕಳಿಗಾಗಿ ಮಾಡಿದ್ದ ಒಂದು ಆಟದ ಪ್ರಾಣಿಗಳು ಜೀವ ಇಲ್ಲದ ಯಂತ್ರದ ಗೊಂಬೆಗಳಂತೆ ಹೆದರಿಕೆ ಹುಟ್ಟಿಸುತ್ತವೆ ಎಂದು ಜನ ಆಡಿಕೊಂಡರು. ಸರಿ, ಹಾಗಾದರೆ ನಿಜಕ್ಕೂ ಹೆದರಿಸುತ್ತೇನೆ ಎಂದುಕೊಂಡು ಒಬ್ಬನೇ ಕೂತು 'ಫೈವ್ ನೈಟ್ಸ್ ಅಟ್ ಫ್ರೆಡ್ಡೀಸ್' ಮಾಡಿದ. ಬಂದದ್ದು 2014ರ ಆಗಸ್ಟಿನಲ್ಲಿ. ಪಿಜ್ಜಾ ಅಂಗಡಿಯೊಂದರ ರಾತ್ರಿ ಕಾವಲುಗಾರ ನೀವು. ಹನ್ನೆರಡರಿಂದ ಬೆಳಿಗ್ಗೆ ಆರರವರೆಗೆ ಕುರ್ಚಿ ಬಿಟ್ಟು ಏಳುವಂತಿಲ್ಲ. ಸಿಸಿಟಿವಿಯಲ್ಲಿ ಗೊಂಬೆಗಳನ್ನು ನೋಡುತ್ತಿರಬೇಕು. ಅವು ನಡೆಯುವುದು ಹೆಚ್ಚಾಗಿ ಕಾಣುವುದೇ ಇಲ್ಲ. ಈ ಕ್ಯಾಮೆರಾದಲ್ಲಿ ಇದ್ದದ್ದು ಇನ್ನೊಮ್ಮೆ ನೋಡಿದಾಗ ಇರುವುದಿಲ್ಲ, ಅಷ್ಟೇ. ನಡಿಗೆಯನ್ನು ಚಿತ್ರಿಸುವ ಖರ್ಚು ಉಳಿಯಿತು, ಆ ನಡಿಗೆಯನ್ನು ಆಡುವವನೇ ತಲೆಯಲ್ಲಿ ಕಟ್ಟಿಕೊಂಡ. 2023ರಲ್ಲಿ ಅದು ಸಿನಿಮಾ ಆಗಿ 29 ಕೋಟಿ ಡಾಲರ್‌ಗೂ ಹೆಚ್ಚು ಗಳಿಸಿತು.

ಕನ್ನಡದಲ್ಲೂ ಹೀಗೊಂದು ನಡೆದಿದೆ. 2013ರ '6-5=2' ಸಿನಿಮಾದಲ್ಲಿ ಹೆಸರಾಂತ ತಾರೆಯರಿರಲಿಲ್ಲ. ಚಾರಣಕ್ಕೆ ಹೋದವರ ಕ್ಯಾಮೆರಾದಲ್ಲಿ ಸಿಕ್ಕಿದ ದೃಶ್ಯಗಳೇ ಇವು ಎಂಬಂತೆ ಅಲುಗಾಡುವ ಚಿತ್ರಿಕೆ. ಅದು ಗೆದ್ದಿತು, ಹಿಂದಿಗೂ ಹೋಯಿತು.

ಯೂಟ್ಯೂಬ್‌ನವರು ಕಿರುಚಾಡುವುದರಿಂದಲೇ ಈ ಆಟಗಳು ಓಡುತ್ತವೆ ಎನ್ನುವವರಿದ್ದಾರೆ. ಪೂರ್ತಿ ಸುಳ್ಳಲ್ಲ. ಒಗಟು ಬಿಡಿಸುವವನ ಮುಖ ನೋಡುತ್ತ ಕೂರಲಾಗುವುದಿಲ್ಲ, ಹೆದರಿದವನ ಮುಖ ನೋಡುತ್ತ ಕೂರಬಹುದು. ಇದನ್ನೇ ನಂಬಿಕೊಂಡು ಕತ್ತಲ ಓಣಿ, ದಿಢೀರ್ ಎಂದು ಒಂದು ಮುಖ, ಇಷ್ಟರಲ್ಲೇ ಮುಗಿಸುವ ಆಟಗಳು ರಾಶಿ ರಾಶಿ ಬಂದಿವೆ, ಹೆಚ್ಚಿನವು ಕಸ. ಆದರೆ ಕಿರುಚಿದ್ದು ಹತ್ತು ನಿಮಿಷಕ್ಕೆ ಮರೆತುಹೋಗುತ್ತದೆ. ಫ್ರೆಡ್ಡಿಯಲ್ಲಿ ನೆನಪಿನಲ್ಲಿ ಉಳಿಯುವುದು ಬೇರೆಯೇ ಏನೋ ಎಂದು ನನಗೆ ಗೊತ್ತಾದದ್ದು ನಮ್ಮ ಸೋದರಮಾವನ ಪಕ್ಕ ಕೂತು ಆಡಿದಾಗ.

ಮಾವ ವಸಂತನರಸಾಪುರದ ಒಂದು ಕಾರ್ಖಾನೆಯಲ್ಲಿ ರಾತ್ರಿ ಪಾಳಿಯ ಸೆಕ್ಯೂರಿಟಿ. ತುಮಕೂರು ದಾಟಿ ಶಿರಾ ಕಡೆ ಹೋಗುವ ಹೆದ್ದಾರಿಯ ಆ ಕೈಗಾರಿಕಾ ಪ್ರದೇಶವನ್ನು ಹಗಲು ನೋಡಿದವರಿಗೆ ರಾತ್ರಿಯ ಅಂದಾಜು ಸಿಗುವುದಿಲ್ಲ. ಫ್ರೆಡ್ಡಿ ಬಂದ ಮರುತಿಂಗಳೇ ಪ್ರಧಾನಿ ಇಲ್ಲಿ ಫುಡ್ ಪಾರ್ಕ್ ಉದ್ಘಾಟಿಸಿದ್ದರು. ಉದ್ದುದ್ದ ಕಾಂಪೌಂಡು, ಒಂದೊಂದು ಗೇಟಿಗೆ ಒಂದೊಂದು ಶೆಡ್ಡು, ಒಳಗೆ ಒಬ್ಬ ಮನುಷ್ಯ.

"ಇವ್ನು ಎದ್ದು ಒಂದು ರೌಂಡು ಹೋಗ್ಬರಬಾರ್ದೇನೋ?" ಎಂದರು ಮಾವ.

"ಏಳಂಗಿಲ್ಲ ಮಾವ. ಆಟ ಇರೋದೇ ಹಂಗೆ."

"ಹಂಗಾರೆ ಇದೆಂಥ ಸೆಕ್ಯೂರಿಟಿ ಕೆಲ್ಸ."

ಆಮೇಲೆ ಅವರ ಕಣ್ಣು ಮೂಲೆಯಲ್ಲಿದ್ದ ಕರೆಂಟಿನ ಲೆಕ್ಕಕ್ಕೆ ಬಿತ್ತು. ಬಾಗಿಲು ಮುಚ್ಚಿಟ್ಟರೆ ಕರೆಂಟ್ ಖರ್ಚು, ದೀಪ ಹಾಕಿದರೆ ಖರ್ಚು, ಕ್ಯಾಮೆರಾ ನೋಡಿದರೂ ಖರ್ಚು. ಬೆಳಗಾಗುವ ಮೊದಲೇ ಸೊನ್ನೆಗಿಳಿದರೆ ಕತೆ ಮುಗಿದಂತೆ. "ಆ ಬಾಗ್ಲು ತೆಗಿಯೋ, ಸುಮ್ನೆ ಹೋಗ್ತೈತೆ" ಎಂದು ಮಾವ ಮುಂದೆ ಬಾಗಿ ಗದರಿಸಿದರು. ಕೊನೆಗೆ ಕರೆಂಟ್ ಹೋಗಿ, ಕತ್ತಲಲ್ಲಿ ಕರಡಿಯ ಎರಡು ಕಣ್ಣು ಮಿನುಗಿ, ಪೆಟ್ಟಿಗೆಯ ಸಂಗೀತ ಶುರುವಾದಾಗ ನಾನೇ ಬೆಚ್ಚಿದೆ. ಮಾವ ಕೇಳಿದ್ದು, "ಡಿಜಿ ಇಟ್ಟಿಲ್ವೇನೋ ಇವ್ರು?"

ಗೊಂಬೆಗಳಿಗೆ ಅವರು ಒಮ್ಮೆಯೂ ಹೆದರಲಿಲ್ಲ. ನಿಮಗೆ ಅಲ್ಲಿ ಯಾವತ್ತೂ ಭಯ ಆಗಿಲ್ವಾ ಎಂದು ಕೇಳಿದೆ. ಮೂರು ಗಂಟೆ ಮೇಲೆ ಬರುವ ನಿದ್ದೆಗೆ ಹೆದರುತ್ತೇನೆ ಎಂದರು. ಕಣ್ಣು ಹತ್ತಿದ ಹೊತ್ತಲ್ಲೇ ಸೂಪರ್‌ವೈಸರ್ ಸದ್ದಿಲ್ಲದೆ ಬಂದು ಮೊಬೈಲಿನಲ್ಲಿ ಫೋಟೋ ಹೊಡೆದುಕೊಂಡು ಹೋಗುತ್ತಾನಂತೆ. ಬೆಳಿಗ್ಗೆ ಎದುರಿಗೆ ಸಿಕ್ಕಾಗ ಏನೂ ಹೇಳುವುದಿಲ್ಲ. ತಿಂಗಳ ಕೊನೆಯಲ್ಲಿ ಸಂಬಳದಲ್ಲಿ ಗೊತ್ತಾಗುತ್ತದೆ.

ಐದನೇ ರಾತ್ರಿ ಮುಗಿಸಿದಾಗ ತೆರೆಯ ಮೇಲೆ ಒಂದು ಚೆಕ್ ಬರುತ್ತದೆ, 120 ಡಾಲರ್. ಐದೂ ರಾತ್ರಿ ಜೀವ ಕೈಯಲ್ಲಿ ಹಿಡಿದು ಕೂತವನಿಗೆ ಅಷ್ಟೇ. ಆಡುವವರು ಅದನ್ನು ನೋಡಿ ನಗುತ್ತಾರೆ, ನಾನೂ ನಕ್ಕಿದ್ದೆ. ಮಾವ ನಗಲಿಲ್ಲ. "ಪಿ.ಎಫ್. ಹಿಡ್ಕಂಡು ಕೊಟ್ಟಿದ್ದಾ, ಹಿಡಿಯೋಕೆ ಮುಂಚೆದಾ?" ಎಂದು ಕೇಳಿದರು. ಏಳನೇ ರಾತ್ರಿಯನ್ನು ಗೆದ್ದವನನ್ನು ಕೆಲಸದಿಂದಲೇ ತೆಗೆಯುತ್ತಾರೆ, ಅದಕ್ಕೆ ಕಾರಣಗಳನ್ನು ಪಟ್ಟಿ ಮಾಡಿದ ಒಂದು ಚೀಟಿ ಬರುತ್ತದೆ, ಅದರಲ್ಲಿ ಮೈ ವಾಸನೆಯೂ ಒಂದು ಎಂದು ಹೇಳಿದೆ.

ಮಾವ ಬೆಲ್ಟು ಬಿಗಿದುಕೊಂಡು ಟಾರ್ಚು ಎತ್ತಿಕೊಂಡರು. ಪಾಳಿಗೆ ಹೊತ್ತಾಗಿತ್ತು.

"ಅಷ್ಟಾದ್ರೂ ಬರ್ದು ಕೊಟ್ರಲ್ಲ" ಎಂದರು.