ಜಲ್ಲಿ ದಾರಿಯಲ್ಲಿ ಎರಡು ಸೈಕಲ್ಲು

2024ರ ದಸರಾ ರಜೆಗೆ ಬೆಂಗಳೂರಿನಿಂದ ಬಂದ ಮಗ ಗೆಳೆಯನ ಕಾರಿನ ಹಿಂಬದಿಯಿಂದ ಸೈಕಲ್ಲೊಂದನ್ನು ಇಳಿಸಿದಾಗ ಅರಕಲಗೂಡಿನ ಆ ಬೀದಿಯಲ್ಲಿ ಐದಾರು ಮಂದಿ ಸೇರಿದರು. ಸೈಕಲ್ಲಿಗೆ ಕ್ಯಾರಿಯರ್ ಇರಲಿಲ್ಲ, ಸ್ಟ್ಯಾಂಡ್ ಇರಲಿಲ್ಲ, ಮಡ್‌ಗಾರ್ಡ್ ಇರಲಿಲ್ಲ, ಕೊನೆಗೆ ಒಂದು ಬೆಲ್ಲೂ ಇರಲಿಲ್ಲ. ಬೆಲೆ ಮಾತ್ರ ಒಂದು ಲಕ್ಷದ ಹತ್ತಿರ ಇತ್ತು. ಎದುರು ಅಂಗಡಿಯವರು ಸೈಕಲ್ಲನ್ನು ಒಂದು ಸುತ್ತು ಹಾಕಿ ನೋಡಿ, “ಏನೂ ಇಲ್ದೇನೇ ಲಕ್ಷ. ಇನ್ನು ಎಲ್ಲಾ ಇದ್ದಿದ್ರೆ ಗತಿ ಏನು ಮೇಷ್ಟ್ರೇ?” ಎಂದರು.

ಮೇಷ್ಟ್ರು ಹೈಸ್ಕೂಲಿನಲ್ಲಿ ಗಣಿತ ಹೇಳುವವರು. ನಿವೃತ್ತಿಗೆ ಎರಡು ವರ್ಷ ಬಾಕಿ. ಅವರ ಮನೆಯ ಹಿತ್ತಲಿನಲ್ಲಿ 1979ರಲ್ಲಿ ಕೊಂಡ ಅಟ್ಲಾಸ್ ಸೈಕಲ್ಲು ಇನ್ನೂ ಇದೆ. ಟೈರು, ಚೈನು, ಸೀಟು ಎಷ್ಟೋ ಸಲ ಬದಲಾಗಿ ಈಗ ಚೌಕಟ್ಟು ಮಾತ್ರ ಮೂಲದ್ದು. ವಾರಕ್ಕೊಮ್ಮೆಯಾದರೂ ಅದನ್ನು ಹತ್ತುವುದು ಅವರ ಅಭ್ಯಾಸ. ಸಕ್ಕರೆ ಕಾಯಿಲೆಯ ವೈದ್ಯರು ಹೇಳಿದರೆಂದು ಅವರು ಕಾರಣ ಕೊಡುತ್ತಾರೆ. ವೈದ್ಯರು ಹೇಳುವ ಮೊದಲೂ ಹತ್ತುತ್ತಿದ್ದರು ಎನ್ನುವುದು ಮನೆಯವರ ತಕರಾರು.

ಈ ಹೊಸ ಸೈಕಲ್ಲು ಜಲ್ಲಿ ದಾರಿಗೆಂದೇ ಮಾಡಿದ್ದು ಎಂದು ಮಗ ವಿವರಿಸಿದ. ಅಮೆರಿಕದ ಕ್ಯಾನ್ಸಸ್ ರಾಜ್ಯದಲ್ಲಿ 2006ರಿಂದ ಒಂದು ಸ್ಪರ್ಧೆ ನಡೆಯುತ್ತದೆ. ಎಂಪೋರಿಯ ಎಂಬ ಊರಿನಿಂದ ಹೊರಟು ಚಕಮಕಿ ಕಲ್ಲಿನ ದಾರಿಯಲ್ಲಿ 200 ಮೈಲಿ, ಅಂದರೆ ಸುಮಾರು 320 ಕಿಲೋಮೀಟರ್ ತುಳಿಯಬೇಕು. ಇಟಲಿಯ ಕತೆ ಇನ್ನೂ ಸ್ವಾರಸ್ಯದ್ದು. ಟಸ್ಕನಿ ಪ್ರಾಂತದ ಗುಡ್ಡ, ದ್ರಾಕ್ಷಿ ತೋಟಗಳ ನಡುವೆ ಬಿಳಿಯ ಜಲ್ಲಿ ರಸ್ತೆಗಳಿವೆ. ಅವಕ್ಕೆಲ್ಲ ಡಾಂಬರು ಬಿದ್ದುಹೋಗುತ್ತದಲ್ಲ ಎಂಬ ಸಂಕಟದಿಂದ ಗಯೋಲೆ ಎಂಬ ಪುಟ್ಟ ಊರಿನವರು 1997ರಲ್ಲಿ ‘ಎರೋಯಿಕ’ ಎಂಬ ಸೈಕಲ್ ಸವಾರಿ ಆರಂಭಿಸಿದರು. ಅದಕ್ಕೆ 1987ಕ್ಕಿಂತ ಹಿಂದಿನ ಸೈಕಲ್ಲೇ ಬೇಕು.

“ವಯಸ್ಸಿನ ಲೆಕ್ಕದಲ್ಲಿ ನಿಮ್ಮ ಅಟ್ಲಾಸು ಪಾಸಾಗುತ್ತೆ ಅಪ್ಪ. ಆದರೆ ಅದು ರೇಸಿನ ಸೈಕಲ್ ಆಗಿರಬೇಕು. ಕ್ಯಾರಿಯರ್ ನೋಡಿದ್ರೆ ವಾಪಸ್ ಕಳಿಸ್ತಾರೆ.”

ಮೇಷ್ಟ್ರಿಗೆ ನಗು ತಡೆಯಲಾಗಲಿಲ್ಲ. ಅವರ ಹುಟ್ಟೂರಿನವರು ಏಳು ಕಿಲೋಮೀಟರ್ ಡಾಂಬರಿಗಾಗಿ ಮೂರು ತಲೆಮಾರು ಅರ್ಜಿ ಬರೆದಿದ್ದಾರೆ. ಅದರಲ್ಲಿ ಅರ್ಧದಷ್ಟನ್ನು ಮೇಷ್ಟ್ರೇ ಬರೆದುಕೊಟ್ಟದ್ದು. ಜಲ್ಲಿ ಉಳಿಸಿಕೊಡಿ ಎಂದು ಸಹಿ ಹಾಕುವ ಊರೂ ಭೂಮಿಯ ಮೇಲೆ ಇದೆಯಲ್ಲ!

ಮೊದಲ ದಿನ ಹುಡುಗ ಒಬ್ಬನೇ ಗೊರೂರಿನ ಕಡೆಗೆ ಹೋದ. ಗೊರೂರು ರಾಮಸ್ವಾಮಿ ಅಯ್ಯಂಗಾರರು ಅಕ್ಷರದಲ್ಲಿ ಉಳಿಸಿದ ಹೇಮಾವತಿಗೆ ಅಣೆಕಟ್ಟು ಆದದ್ದು 1979ರಲ್ಲಿ. ಅದರ ಹಿನ್ನೀರಿನಲ್ಲಿ ಶೆಟ್ಟಿಹಳ್ಳಿಯ ಹಳೆಯ ಚರ್ಚು ನಿಂತಿದೆ. ಫ್ರೆಂಚ್ ಪಾದ್ರಿಗಳು 1860ರ ದಶಕದಲ್ಲಿ ಕಟ್ಟಿದ್ದು. ಮಳೆಗಾಲದಲ್ಲಿ ಮುಳುಗುತ್ತದೆ, ಬೇಸಿಗೆಯಲ್ಲಿ ಏಳುತ್ತದೆ. ಹುಡುಗ ಸಂಜೆ ಬಂದು ಫೋಟೊ ತೋರಿಸಿದ. “ನಾಳೆ ನೀವೂ ಬನ್ನಿ, ರಾಮನಾಥಪುರದ ಕಡೆ. ಅತ್ತೆ ಮನೆಗೂ ಹೋಗಿಬರೋಣ” ಎಂದ. ಮೇಷ್ಟ್ರು ಸ್ವಲ್ಪ ಹೊತ್ತು ಸುಮ್ಮನಿದ್ದು, ಆಗಲಿ ಎಂದರು.

ಅರಕಲಗೂಡು ತಾಲ್ಲೂಕಿನ ಉತ್ತರಕ್ಕೆ ಹೇಮಾವತಿ, ದಕ್ಷಿಣಕ್ಕೆ ಕಾವೇರಿ. ನಡುವಿನ ನೆಲ ಏರಿಳಿತದ್ದು. ದೊಡ್ಡ ರಸ್ತೆ ಬಿಟ್ಟು ಹೇಮಾವತಿ ಬಲದಂಡೆ ನಾಲೆಯ ಏರಿ ಹಿಡಿದರೆ ಗರಸು ಹಾಸಿದ ದಾರಿ ಸಿಗುತ್ತದೆ. ಒಂದು ಕಡೆ ತುಂಬಿ ಹರಿಯುವ ಕೆಂಪು ನೀರು, ಇನ್ನೊಂದು ಕಡೆ ತೆನೆ ಬಿಟ್ಟ ರಾಗಿ, ಶುಂಠಿ, ಕೊಯ್ದು ಮುಗಿದ ಹೊಗೆಸೊಪ್ಪಿನ ಬರಿಯ ಕಡ್ಡಿ. ಪಶ್ಚಿಮದಲ್ಲಿ ಕೊಡಗಿನ ಬೆಟ್ಟಗಳ ನೀಲಿ ಗೆರೆ. ಬೆಳಿಗ್ಗೆ ಆರೂವರೆಗೆ ಹೊರಟ ಅಪ್ಪ ಮಗ ಈ ದಾರಿಯಲ್ಲಿ ಮೊದಲ ಒಂದು ಗಂಟೆ ಹೆಚ್ಚು ಮಾತಾಡಲಿಲ್ಲ. ಜಲ್ಲಿಯ ಮೇಲೆ ಮಾತಾಡಿದರೆ ನಾಲಗೆ ಕಚ್ಚಿಕೊಳ್ಳಬೇಕಾಗುತ್ತದೆ.

ದ್ರಾಕ್ಷಿಯ ಬದಲು ಇಲ್ಲಿ ಹೊಗೆಸೊಪ್ಪಿನ ಬ್ಯಾರನ್‌ಗಳು. ಕಿಟಕಿ ಕಡಿಮೆಯಿರುವ, ಎತ್ತರದ ಗೋಡೆಯ ಮನೆಗಳವು. ಕೆಳಗೆ ಒಲೆಗೆ ಸೌದೆ ತುಂಬುತ್ತಾರೆ. ಹೊಗೆ ಎಲೆಗೆ ತಗಲುವುದಿಲ್ಲ. ಅದು ತಗಡಿನ ಕೊಳವೆಯೊಳಗೇ ಹಾದು ಹೊರಗೆ ಹೋಗುತ್ತದೆ. ಆ ಕೊಳವೆಯ ಬಿಸಿಗೆ ಐದಾರು ದಿನದಲ್ಲಿ ಹಸಿರು ಎಲೆ ಹಳದಿಯಾಗಿ ಒಣಗುತ್ತದೆ. ರಾತ್ರಿಯೆಲ್ಲ ನಿದ್ದೆಗೆಟ್ಟು ಬಿಸಿ ಕಾಯುವವರ ಮನೆಯ ಮಕ್ಕಳು ಬೆಳಿಗ್ಗೆ ತರಗತಿಯಲ್ಲಿ ತೂಕಡಿಸುವುದನ್ನು ಮೇಷ್ಟ್ರು ಮೂವತ್ತು ವರ್ಷ ನೋಡಿದ್ದಾರೆ.

ಒಂದು ಇಳಿಜಾರಿನಲ್ಲಿ ಅಟ್ಲಾಸು ಗಡಗಡ ಕುಣಿಯಿತು. ಮಗ ನಿಲ್ಲಿಸಿ ಅದರ ಎರಡೂ ಟೈರಿನಿಂದ ಗಾಳಿ ಸ್ವಲ್ಪ ಬಿಟ್ಟ. ಮೇಷ್ಟ್ರು ಹಾಂ ಹಾಂ ಎಂದು ತಡೆಯುವಷ್ಟರಲ್ಲಿ ಕೆಲಸ ಮುಗಿದಿತ್ತು. ಗಟ್ಟಿ ಟೈರು ಪ್ರತಿ ಕಲ್ಲನ್ನೂ ಹತ್ತಿ ಇಳಿಯುತ್ತದೆ. ಪ್ರತಿ ಸಲವೂ ಸೈಕಲ್ಲನ್ನೂ ಸವಾರನನ್ನೂ ಒಂದಿಷ್ಟು ಮೇಲೆತ್ತುತ್ತದೆ. ಆ ಎತ್ತುವ ಶಕ್ತಿಯೆಲ್ಲ ಮುಂದೆ ಹೋಗುವ ಶಕ್ತಿಯಿಂದಲೇ ಕಳೆದುಹೋಗುವುದು. ಮೆತ್ತಗಿನ ಟೈರಾದರೆ ಕಲ್ಲಿಗೆ ತಾನೇ ಬಗ್ಗಿ ಮುಂದೆ ಹೋಗುತ್ತದೆ. ತೀರ ಕಡಿಮೆ ಮಾಡಿದರೆ ರಿಮ್ಮು ಕಲ್ಲಿಗೆ ಬಡಿದು ಟ್ಯೂಬು ತೂತಾಗುತ್ತದೆ, ಅಷ್ಟೆ. ಲೆಕ್ಕದ ಮೇಷ್ಟ್ರಿಗೆ ಇದು ಒಪ್ಪಿಗೆಯಾಯಿತು. ಅವರು ಇನ್ನೊಂದನ್ನೂ ಗಮನಿಸಿದರು. ಮಗನ ಟೈರಿನ ಅಗಲ 40 ಮಿಲಿಮೀಟರ್. ಅಟ್ಲಾಸಿನದು ಒಂದೂವರೆ ಇಂಚು, ಅಂದರೆ 38. ಲಕ್ಷ ರೂಪಾಯಿಗೆ ಸಿಕ್ಕಿದ್ದು ಎರಡು ಮಿಲಿಮೀಟರ್ ಎಂದು ಅವರು ಹೇಳಿದಾಗ ಮಗ ಗೇರಿನ ವಿಷಯ ಎತ್ತಿದ. ಮುಂದಿನ ಏರಿನಲ್ಲಿ ಅವನು ಕೂತೇ ಹತ್ತಿದ, ಇವರು ಇಳಿದು ತಳ್ಳಿದರು. ಮಾತು ಅಲ್ಲಿಗೆ ನಿಂತಿತು.

ನಾಲೆ ಬಿಟ್ಟು ತಿರುಗಿದಲ್ಲಿ ಮೇಷ್ಟ್ರ ಹುಟ್ಟೂರಿನ ದಾರಿ ಕೂಡಿಕೊಳ್ಳುತ್ತದೆ. ಅರ್ಜಿಗಳ ಫಲವಾಗಿ ಅರ್ಧಕ್ಕೆ ಡಾಂಬರು ಬಿದ್ದಿದೆ, ಉಳಿದರ್ಧ ಅದೇ ಜಲ್ಲಿ. ಅವರು ಅಲ್ಲಿ ನೀರು ಕುಡಿಯಲು ನಿಂತರು. ಇದೇ ದಾರಿಯಲ್ಲಿ ಅವರು 1979ರಿಂದ ಮೂರು ವರ್ಷ ಹೈಸ್ಕೂಲಿಗೆ ಹೋದದ್ದು. ಎಂಟನೇ ತರಗತಿಗೆ ಸೇರಿದಾಗ ಅಪ್ಪ ಒಂದು ಎತ್ತು ಮಾರಿ ಸೈಕಲ್ಲು ಕೊಡಿಸಿದ್ದರು. ಎರಡು ವರ್ಷದ ಮೇಲೆ ತಂಗಿ ಏಳನೇ ತರಗತಿ ಮುಗಿಸಿದಳು. ಲೆಕ್ಕದಲ್ಲಿ ಅಣ್ಣನಿಗಿಂತ ಚುರುಕು. ಒಂದು ರಾತ್ರಿ ಊಟಕ್ಕೆ ಕೂತಾಗ ಅಪ್ಪ ಕೇಳಿದರು: “ಹಿಂದೆ ಕೂರಿಸ್ಕೊಂಡು ಹೋಗ್ತೀಯೇನೋ ಇವಳನ್ನ?”

ಹದಿನೈದರ ಹುಡುಗ ತಟ್ಟೆಯಿಂದ ತಲೆಯೆತ್ತದೆ ಹೇಳಿದ್ದ: “ಜಲ್ಲಿ ದಾರಿ ಅಪ್ಪ. ಡಬಲ್ಸ್ ಆಗಲ್ಲ.”

ಅದೇ ಸೈಕಲ್ಲಿನ ಹಿಂದೆ ಗೆಳೆಯನನ್ನು ಕೂರಿಸಿಕೊಂಡು ಅವನು ಅರಕಲಗೂಡಿನ ಸಿನಿಮಾಗೆ ಎಷ್ಟು ಸಲ ಹೋಗಿರಲಿಲ್ಲ! ತಂಗಿಯನ್ನು ಕೂರಿಸಿಕೊಂಡು ಶಾಲೆಯ ಗೇಟಿನೊಳಗೆ ಹೋದರೆ ಹುಡುಗರು ಆಡಿಕೊಳ್ಳುತ್ತಾರೆ, ಅಷ್ಟೇ ಕಾರಣ. ಅಪ್ಪ ಎರಡನೇ ಸಲ ಕೇಳಲಿಲ್ಲ. ಅವರಿಗೂ ಅದು ಅನುಕೂಲವೇ ಆಗಿತ್ತೋ ಏನೋ. ತಂಗಿ ಏನೂ ಅನ್ನಲಿಲ್ಲ, ಎದ್ದು ಮಜ್ಜಿಗೆ ತಂದು ಬಡಿಸಿದಳು. ಹತ್ತೊಂಬತ್ತಕ್ಕೆ ಮದುವೆಯಾಗಿ ಕಾವೇರಿಯ ಕಡೆಯ ಊರಿಗೆ ಹೋದಳು. ನಲವತ್ತಮೂರು ವರ್ಷದಲ್ಲಿ ಮೇಷ್ಟ್ರು ಈ ಮಾತನ್ನು ಹೆಂಡತಿಗೂ ಹೇಳಿರಲಿಲ್ಲ. ಮಗನಿಗೆ ಆ ದಿನವೂ ಹೇಳಲಿಲ್ಲ. “ಇಲ್ಲಿಂದ ಸ್ಕೂಲು ಏಳು ಕಿಲೋಮೀಟರು” ಎಂದಷ್ಟೇ ಹೇಳಿ ಸೈಕಲ್ ಹತ್ತಿದರು.

ರಾಮನಾಥಪುರದಲ್ಲಿ ವಹ್ನಿ ಪುಷ್ಕರಿಣಿಯ ಮೀನಿಗೆ ಪುರಿ ಹಾಕಿದರು. ಅಲ್ಲಿಂದ ರುದ್ರಪಟ್ಟಣ ದೂರವಿಲ್ಲ. ಆರ್.ಕೆ. ಶ್ರೀಕಂಠನ್ ಅವರಂಥ ಸಂಗೀತಗಾರರನ್ನು ಕೊಟ್ಟ ಕಾವೇರಿ ದಂಡೆಯ ಊರು; ಅಲ್ಲೀಗ ತಂಬೂರಿಯ ಆಕಾರದ ಮಂದಿರವೂ ಇದೆ. ಮಗ ಹೋಗೋಣವೆಂದ. ಬಿಸಿಲೇರುತ್ತದೆ, ಇನ್ನೊಮ್ಮೆ ಎಂದು ಮೇಷ್ಟ್ರು ತಂಗಿಯ ಮನೆಯ ದಾರಿ ಹಿಡಿದರು.

ಮನೆಯ ಮುಂದೆ ತಂಗಿ ಹೊಗೆಸೊಪ್ಪನ್ನು ಬಣ್ಣ ನೋಡಿ ಬೇರೆ ಬೇರೆ ಮಾಡುತ್ತ ಕೂತಿದ್ದರು. ಎದ್ದು ಕೈ ತೊಳೆದು, “ಇದೇನಣ್ಣಯ್ಯ, ಬಸ್ಸು ಸತ್ತೋಗಿದ್ವಾ?” ಎಂದು ನಕ್ಕರು. ಊಟಕ್ಕೆ ಮುದ್ದೆ, ಹುರುಳಿಕಾಳಿನ ಬಸ್ಸಾರು. ಊಟವಾದ ಮೇಲೆ ಅವರು ಹುಡುಗನ ಸೈಕಲ್ಲಿನ ಸುತ್ತ ತಿರುಗಿ, ಟೈರನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು.

“ಏನೋ ಅಳಿಯ, ಲಕ್ಷ ಕೊಟ್ಟವನಿಗೆ ಗಾಳಿ ಹಾಕ್ಸೋಕೆ ಕಾಸಿರ್ಲಿಲ್ವಾ?”

ಹುಡುಗ ಗಟ್ಟಿ ಟೈರು, ಮೆತ್ತನೆ ಟೈರಿನ ಪಾಠ ಶುರು ಮಾಡಿದ.

“ಅದು ಗೊತ್ತು ಬಿಡು. ಗಿರಣಿಗೆ ಹೋಗುವಾಗ ನಾನೂ ಒಸಿ ಗಾಳಿ ಬಿಡ್ತಿದ್ದೆ. ಗಟ್ಟಿ ಇದ್ರೆ ಮೂಟೆ ಕುಣಿದು ಕುಣಿದು ಹಗ್ಗ ಸಡಿಲ ಆಗೋದು.”

“ಯಾವ ಗಿರಣಿ?” ಎಂದರು ಮೇಷ್ಟ್ರು.

“ಅರಕಲಗೂಡಿಂದು. ನೀನು ಕಾಲೇಜು ಅಂತ ಹಾಸನಕ್ಕೆ ಹೋದ್ಯಲ್ಲ, ಸೈಕಲ್ಲು ಗೋಡೆಗೆ ಒರಗಿಕೊಂಡು ನಿಂತಿತ್ತು. ಒಳಪೆಡ್ಲು ಮೊದ್ಲೇ ಕಲ್ತಿದ್ದೆ, ನೀನು ಮಧ್ಯಾಹ್ನ ಮಲಗಿದ್ದಾಗ. ವಾರಕ್ಕೊಂದು ಸಲ ಅರ್ಧ ಮೂಟೆ ರಾಗಿ ಹೇರ್ಕೊಂಡು ಹೋಗಿ ಹಿಟ್ಟು ಮಾಡಿಸ್ಕೊಂಡು ಬರ್ತಿದ್ದೆ. ನಾನಾಗ ಆ ಅರ್ಧ ಮೂಟೆಗಿಂತ ತೂಕ ಇರ್ಲಿಲ್ಲ.”

“ತಾತ ಏನೂ ಅನ್ನಲಿಲ್ವಾ ಅತ್ತೆ?”

“ಸ್ಕೂಲಿಗೆ ಅಂದಿದ್ರೆ ಅಂತಿದ್ರೇನೋ. ಗಿರಣಿಗೆ ತಾನೆ.”

ಅಷ್ಟು ಹೇಳಿ ಅವರು ಲೋಟ ತೆಗೆದುಕೊಂಡು ಒಳಗೆ ಹೋದರು. ಬೇಕೆಂದೇ ಹೇಳಿದರೋ, ಮಾತಿಗೆ ಬಂತೆಂದು ಹೇಳಿದರೋ, ಅವರ ಮುಖ ನೋಡಿ ತಿಳಿಯುವಂತಿರಲಿಲ್ಲ. ಮೇಷ್ಟ್ರು ಅಂಗಳದ ಕಲ್ಲಿನ ಮೇಲೆ ಕೂತೇ ಇದ್ದರು.

ಗೋಡೆಯ ಪಕ್ಕದಲ್ಲಿ ಇನ್ನೊಂದು ಸೈಕಲ್ಲು ಇತ್ತು. ಕರ್ನಾಟಕ ಸರ್ಕಾರ 2006-07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ, ಮೊದಲು ಹೆಣ್ಣುಮಕ್ಕಳಿಗೆ, ಆಮೇಲೆ ಗಂಡುಮಕ್ಕಳಿಗೂ ಸೈಕಲ್ ಕೊಡಲು ಆರಂಭಿಸಿತು. ಕೋವಿಡ್ ವರ್ಷಗಳಲ್ಲಿ ಆ ಯೋಜನೆ ನಿಂತಿತು. ತಂಗಿಯ ಮಗಳಿಗೆ 2008ರಲ್ಲಿ ಬಂದ ಸೈಕಲ್ಲು ಇದು. ಅವಳ ಹೈಸ್ಕೂಲು ನಾಲ್ಕು ಕಿಲೋಮೀಟರು. ಬಿಹಾರದಲ್ಲೂ 2006ರಲ್ಲೇ ಇಂಥ ಯೋಜನೆ ಬಂತು. ಅದನ್ನು ಕಾರ್ತಿಕ್ ಮುರಳೀಧರನ್ ಮತ್ತು ನಿಶೀತ್ ಪ್ರಕಾಶ್ ಎಂಬ ಅರ್ಥಶಾಸ್ತ್ರಜ್ಞರು ಅಭ್ಯಾಸ ಮಾಡಿ, ಹೈಸ್ಕೂಲು ಸೇರುವ ಹುಡುಗಿಯರ ಪ್ರಮಾಣ ಶೇಕಡ 32ರಷ್ಟು ಹೆಚ್ಚಿತೆಂದು ತೋರಿಸಿದ್ದಾರೆ. ಶಾಲೆ ಮೂರು ಕಿಲೋಮೀಟರಿಗಿಂತ ದೂರವಿದ್ದ ಹಳ್ಳಿಗಳಲ್ಲೇ ಲಾಭ ಹೆಚ್ಚು. ಮೇಷ್ಟ್ರು ಇದನ್ನು ಪತ್ರಿಕೆಯಲ್ಲಿ ಓದಿ ಸಹೋದ್ಯೋಗಿಗಳಿಗೆ ವಿವರಿಸಿದ್ದರು. ಆ ಶೇಕಡ 32ರೊಳಗೆ ಬರಬಹುದಾಗಿದ್ದವಳು ತನ್ನ ಮನೆಯಲ್ಲೇ ಇದ್ದಳು ಎಂಬುದನ್ನು ಮಾತ್ರ ವಿವರಿಸಿರಲಿಲ್ಲ. ತಂಗಿಯ ಮಗಳು ಈಗ ಮೈಸೂರಿನಲ್ಲಿ ನರ್ಸು. ಅವಳ ಸೈಕಲ್ಲಿನಲ್ಲಿ ತಾಯಿ ದಿನಾ ಎರಡು ಹೊತ್ತು ಡೈರಿಗೆ ಹಾಲು ಒಯ್ಯುತ್ತಾರೆ.

ನಾಲ್ಕೂವರೆಗೆ ಕ್ಯಾರಿಯರಿಗೆ ಹಾಲಿನ ಕ್ಯಾನು ಕಟ್ಟಿಕೊಂಡು ತಂಗಿ ಹೊರಟರು. ಅಪ್ಪ ಮಗನೂ ಜೊತೆಗೆ ಹೊರಟರು. ಡೈರಿಯವರೆಗೆ ಒಂದು ಕಿಲೋಮೀಟರ್ ಜಲ್ಲಿ. ತಂಗಿ ಸೀರೆಯ ನೆರಿಗೆ ಸಿಕ್ಕಿಸಿಕೊಂಡು ಮುಂದೆ ತುಳಿದರು. ಎಲ್ಲಿ ಗುಂಡಿ, ಎಲ್ಲಿ ಸಡಿಲ ಕಲ್ಲು ಎಂದು ನೋಡುವ ಗೋಜಿಗೇ ಹೋಗಲಿಲ್ಲ, ಸೈಕಲ್ಲೇ ದಾರಿ ಹುಡುಕಿಕೊಂಡಿತು. ಮಗ ಗೇರು ಬದಲಿಸಿ ಅವರ ಸಮಕ್ಕೆ ಬಂದ. ಮೇಷ್ಟ್ರು ಹಿಂದೆ ಬಿದ್ದರು.

ಡೈರಿಯ ಮುಂದೆ ಹಾಲು ಅಳೆಸುವ ಸಾಲಿತ್ತು. ಮೇಷ್ಟ್ರು ಬಂದು ಸೇರಿ, ಬೆವರು ಒರೆಸಿಕೊಂಡು, ಏನೋ ಹೇಳಲು ಬಾಯಿ ತೆರೆದರು.

“ಚೈನು ಕಿರುಗುಟ್ತಿದೆ ಕಣೇ. ಎಣ್ಣೆ ಹಾಕ್ಬೇಕು” ಎಂದರು.

“ಹಾಕೋರು ಯಾರು? ನೀನೇ ಹಾಕ್ಕೊಡು” ಎಂದರು ತಂಗಿ, ಕ್ಯಾನು ಇಳಿಸುತ್ತ.

ಮೇಷ್ಟ್ರು ಎದುರಿನ ಸೈಕಲ್ ಶಾಪಿನಿಂದ ಎಣ್ಣೆಯ ಡಬ್ಬಿ ಕೇಳಿ ತಂದರು. ಸೈಕಲ್ಲನ್ನು ಸ್ಟ್ಯಾಂಡಿಗೆ ಹಾಕಿ, ಕುಕ್ಕರಗಾಲಲ್ಲಿ ಕೂತು, ಒಂದು ಕೈಯಲ್ಲಿ ಪೆಡಲು ತಿರುಗಿಸುತ್ತ ಚೈನಿನ ಒಂದೊಂದೇ ಕೊಂಡಿಗೆ ಎಣ್ಣೆ ಬಿಡತೊಡಗಿದರು. ಹೊತ್ತು ಮುಳುಗುವುದರೊಳಗೆ ಮನೆ ಸೇರಬೇಕು ಅಪ್ಪ ಎಂದು ಮಗ ಎರಡು ಸಲ ಹೇಳಿದ. ಇನ್ನೂ ಅರ್ಧ ಚೈನು ಬಾಕಿ ಇತ್ತು.