ಒಂದೇ ಪಂಕ್ತಿಯ ಅನ್ನ

ನಮ್ಮ ಹಿರಿಯರು ಉದರದಲ್ಲಿ ಒಂದು ಅಗ್ನಿಯುಂಟೆಂದು ನಂಬಿದ್ದರು. ಮೂವತ್ತು ವರ್ಷಕಾಲ ಬಾಲಕರಿಗೆ ಸಂಸ್ಕೃತ ಶಬ್ದರೂಪಗಳನ್ನು ಬಾಯಿಪಾಠ ಮಾಡಿಸಿದ ನಾನು ‘ಜಠರಾಗ್ನಿ’ ಎಂಬ ಸಮಾಸವನ್ನು ಎಷ್ಟು ಸಲ ಬಿಡಿಸಿರುವೆನೋ ಲೆಕ್ಕವಿಲ್ಲ. ಆ ಪದವು ಬರಿಯ ರೂಪಕವಲ್ಲವೆಂಬುದು ಮನಸ್ಸಿಗೆ ನಾಟಿದ್ದು ಮಾತ್ರ ನಮ್ಮ ಅತ್ತಿಗೆಯವರ ಕಾಯಿಲೆಯಲ್ಲಿ.

ಕಳೆದ ವೈಶಾಖದಲ್ಲಿ ಬಂಧುಗಳ ಮನೆಯ ಉಪನಯನಕ್ಕೆ ಹೋಗಿದ್ದೆವು. ಮರುದಿನ ನಮ್ಮಲ್ಲಿ ಐವರಿಗೆ ಭೇದಿ ಹತ್ತಿತು. ನಾಲ್ವರು ಗಂಜಿ ಕುಡಿದು, ಉಪ್ಪು ಸಕ್ಕರೆ ಬೆರೆಸಿದ ನೀರು ಕುಡಿದು ಮೂರೇ ದಿನಗಳಲ್ಲಿ ಎದ್ದು ಓಡಾಡಿದರು. ಎಪ್ಪತ್ತನ್ನು ಸಮೀಪಿಸಿದ ಅತ್ತಿಗೆಯವರಿಗೆ ಭೇದಿ ನಿಂತರೂ ನಡುಕದೊಡನೆ ಜ್ವರವೇರಿತು, ಮಾತು ತಡವರಿಸತೊಡಗಿತು. ವೈದ್ಯರು ರಕ್ತವನ್ನು ಸೀಸೆಯಲ್ಲಿಟ್ಟು ಕ್ರಿಮಿಗಳನ್ನು ಬೆಳೆಯಿಸಿ ನೋಡುವ ಪರೀಕ್ಷೆ ಮಾಡಿಸಿದರು. ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಕರುಳನ್ನು ದಾಟಿ ರಕ್ತವನ್ನು ಸೇರಿತ್ತು. ಆ ದಿನಗಳಲ್ಲಿ ನಮ್ಮಣ್ಣನು ಆಸ್ಪತ್ರೆಯ ಬೆಂಚಿನಿಂದ ಏಳಲಿಲ್ಲ.

ಒಂದೇ ಪಂಕ್ತಿ, ಒಂದೇ ಅನ್ನ. ಇವರೊಬ್ಬರಿಗೇ ಏಕೆ ಹೀಗಾಯಿತೆಂದು ಕೇಳಿದೆ. ವೈದ್ಯರು ಉತ್ತರ ಹೇಳದೆ ಅತ್ತಿಗೆಯವರ ಔಷಧದ ಡಬ್ಬಿಯನ್ನು ತೆರೆದರು. ಎದೆಯುರಿಗೆಂದು ಎರಡು ವರ್ಷಗಳಿಂದ ದಿನವೂ ಒಮೆಪ್ರಜೋಲ್ ಮಾತ್ರೆ! ಜಠರದ ಆಮ್ಲವು ಆಹಾರದೊಡನೆ ಬರುವ ಕ್ರಿಮಿಗಳಲ್ಲಿ ಬಹುಪಾಲನ್ನು ಕೊಲ್ಲುವ ದ್ವಾರಪಾಲಕ. ಅವನು ನಿದ್ರಿಸಿದರೆ ಸ್ವಲ್ಪವೇ ಕ್ರಿಮಿಗಳೂ ಕರುಳನ್ನು ಸೇರಲು ಸಾಲುತ್ತವೆ. 1892ರಲ್ಲಿ ಮ್ಯೂನಿಕ್ಕಿನ ಪೆಟ್ಟೆನ್‌ಕೋಫರ್ ಎಂಬ ಹಟವಾದಿ ಪಂಡಿತರು ಕಾಲರಾ ಕ್ರಿಮಿಗಳನ್ನು ಕುಡಿಯುವ ಮುನ್ನ ಸೋಡಾ ಸೇವಿಸಿ ಆಮ್ಲವನ್ನು ಅಡಗಿಸಿಕೊಂಡದ್ದೂ ಈ ಮರ್ಮವನ್ನು ಬಲ್ಲವರಾದ್ದರಿಂದಲೇ. ಕಾಲರಾ ಸಾಮಾನ್ಯವಾಗಿ ಕರುಳಿನಲ್ಲಿಯೇ ಉಳಿಯುವ ರೋಗ. ಸಾಲ್ಮೊನೆಲ್ಲಾ ಕರುಳಿನ ಗೋಡೆಯನ್ನೇ ಭೇದಿಸಬಲ್ಲದು. ಅಷ್ಟೇ ಅಲ್ಲ, ಕ್ರಿಮಿಗಳನ್ನು ನುಂಗಿ ಕೊಲ್ಲಬೇಕಾದ ನಮ್ಮ ರಕ್ಷಕಕಣಗಳ ಒಳಗೇ ಅಡಗಿ ಕುಳಿತು ಪ್ರಯಾಣ ಮಾಡುವುದೂ ಉಂಟು.

ಅತ್ತಿಗೆಯವರಿಗೆ ವೃದ್ಧಾಪ್ಯದ ಜೊತೆಗೆ ಮಧುಮೇಹವೂ ಸೇರಿತ್ತು. ಇವಲ್ಲದೆ ದೀರ್ಘಕಾಲ ಸ್ಟೆರಾಯ್ಡ್ ಸೇವಿಸುವವರು, ಅರ್ಬುದರೋಗಕ್ಕೆ ಚಿಕಿತ್ಸೆ ಪಡೆಯುವವರು, ಎಚ್‌ಐವಿ ಪೀಡಿತರು ಇದೇ ಅಪಾಯದ ಸಾಲಿನಲ್ಲಿದ್ದಾರೆ. ಆಫ್ರಿಕಾದ ಮಕ್ಕಳಲ್ಲಿ ಮಲೇರಿಯಾ ಮತ್ತು ಅಪೌಷ್ಟಿಕತೆಗಳು ಇದೇ ಬಾಗಿಲನ್ನು ತೆರೆಯುತ್ತವೆ. ನಮ್ಮ ಚಾಮರಾಜನಗರದ ಗಿರಿಜನರಲ್ಲಿ ಕಾಣುವ ಕುಡಗೋಲು ಕಣ ರೋಗದವರಲ್ಲಿಯಂತೂ ಈ ಕ್ರಿಮಿಯು ರಕ್ತದಿಂದ ಎಲುಬನ್ನೂ ಹೊಕ್ಕೀತು.

ಟೈಫಾಯಿಡ್ ತರುವ ಸಾಲ್ಮೊನೆಲ್ಲಾದ ಮಾತೇ ಬೇರೆ. ಗಟ್ಟಿಮುಟ್ಟಾದ ತರುಣನ ರಕ್ತವನ್ನೂ ಸೇರುವುದು ಅದರ ಸ್ವಭಾವ. ಅದಕ್ಕೆ ಆರು ತಿಂಗಳು ತುಂಬಿದ ಶಿಶುವಿಗೂ ಕೊಡಬಹುದಾದ ಲಸಿಕೆ ಹೈದರಾಬಾದಿನಲ್ಲಿಯೇ ತಯಾರಾಗುತ್ತಿದೆ. ಅತ್ತಿಗೆಯವರನ್ನು ಹಿಡಿದ ಜಾತಿಗೆ ಆ ಲಸಿಕೆ ತಡೆಯಾಗದು.

ಹಾಗಾದರೆ ಎದೆಯುರಿಯ ಮಾತ್ರೆಯನ್ನು ಬಿಸಾಡಿಬಿಡೋಣವೇ ಎಂದು ಅಣ್ಣನು ಕೇಳಿದನು. ವೈದ್ಯರು ಸ್ವಲ್ಪ ಗದರಿಯೇ ಉತ್ತರಿಸಿದರು: ಹುಣ್ಣಿನಿಂದ ರಕ್ತಸ್ರಾವವಾದವರಿಗೆ ಅದು ಪ್ರಾಣರಕ್ಷಕ, ಯಾರಿಗೆ ಎಷ್ಟು ದಿನ ಬೇಕೆಂಬುದನ್ನು ಕೇಳಿ ತಿಳಿಯಬೇಕು, ತಾವಾಗಿ ನಿಲ್ಲಿಸಬಾರದು. ಹೊರಡುವಾಗ, ಸೊಸೆಯ ಕಂಕುಳಲ್ಲಿದ್ದ ಎರಡು ತಿಂಗಳ ಕೂಸನ್ನು ನೋಡಿ ಇನ್ನೊಂದು ಮಾತು ಸೇರಿಸಿದರು. ಮೂರು ತಿಂಗಳೊಳಗಿನ ಮಗುವಿಗೆ ಜ್ವರ ಬಂದರೆ, ಭೇದಿ ಇರಲಿ ಇಲ್ಲದಿರಲಿ, ಬೆಳಗಾಗಲೆಂದು ಕಾಯದೆ ಆಗಲೇ ಕರೆತರಬೇಕು.