ಆಯ್ಕೆಯಾದವರು ಅಂತೀರಲ್ಲ, ಆರಿಸಿದವರು ಯಾರು?

ನಮ್ಮ ತವರೂರಿನ ಬಸ್ ಸ್ಟ್ಯಾಂಡ್ ಸರ್ಕಲ್‌ನಲ್ಲಿ ಫ್ಲೆಕ್ಸ್ ಇಲ್ಲದ ದಿನವೇ ಇಲ್ಲ. ಹುಟ್ಟುಹಬ್ಬದ್ದು ಇಳಿದರೆ ಜಾತ್ರೆಯದ್ದು ಏರುತ್ತೆ, ಜಾತ್ರೆಯದ್ದು ಇಳಿದರೆ 'ನೂತನವಾಗಿ ಆಯ್ಕೆಯಾದ ಅಧ್ಯಕ್ಷರಿಗೆ ಹಾರ್ದಿಕ ಅಭಿನಂದನೆಗಳು' ಅಂತ ಇನ್ನೊಂದು. ನಿಮ್ಮೂರಲ್ಲೂ ನೋಡಿರ್ತೀರಿ. ಮೇಲೆ ದೊಡ್ಡವರ ಫೋಟೋ, ಮಧ್ಯದಲ್ಲಿ ಕೈಮುಗಿದು ನಿಂತ ಹೊಸ ಅಧ್ಯಕ್ಷರು, ಕೆಳಗೆ ಸಾಲುಸಾಲು ಸಣ್ಣ ಮುಖಗಳು. ನಾವು ಓದ್ತೀವಿ, ದಾಟಿ ಹೋಗ್ತೀವಿ. 'ಆಯ್ಕೆಯಾದ' ಅನ್ನೋ ಮಾತಿನ ಹತ್ತಿರ ಯಾರೂ ನಿಲ್ಲಲ್ಲ. ಆರಿಸಿದವರು ಯಾರು? ಸಭೆ ಎಲ್ಲಿ ನಡೀತು? ಯಾರು ಕೈ ಎತ್ತಿದರು?

ಈ ಪ್ರಶ್ನೆ ಕೇಳಿದ್ದು ನಮ್ಮತ್ತಿಗೆ. ಅಣ್ಣನ ಹೆಂಡತಿ. ತುಮಕೂರು ಜಿಲ್ಲೆಯ ಒಂದು ಹೋಬಳಿಯ ಪಕ್ಕದ ಹಳ್ಳಿ ನಮ್ಮದು. ಎರಡು ಹಸು, ಒಂದೂವರೆ ಎಕರೆ ರಾಗಿ ಹೊಲ, ಹತ್ತಿಪ್ಪತ್ತು ತೆಂಗಿನ ಮರ ನೋಡಿಕೊಂಡು, ಹದಿನಾಲ್ಕು ವರ್ಷದಿಂದ ಒಂದು ಪಕ್ಷದ ಕೆಲಸ ಮಾಡಿಕೊಂಡು ಬಂದವಳು. ಪಕ್ಷ ಯಾವುದು ಅಂತ ನಾನಿಲ್ಲಿ ಬರೆಯಲ್ಲ. ಈ ಕತೆ ಯಾವ ಬಣ್ಣದ ಬಾವುಟದ ಕೆಳಗೂ ನಡೆಯಬಹುದಾದ್ದು.

ಅವಳ ಕೆಲಸ ಏನು ಅಂತ ಮೊದಲು ಹೇಳ್ತೀನಿ. ಪೇಟೆಯಲ್ಲಿ ಕೂತು ಟಿವಿ ನೋಡೋ ನಮಗೆ ರಾಜಕೀಯ ಅಂದರೆ ವಿಧಾನಸೌಧ. ಪಕ್ಷದವರಿಗೆ ರಾಜಕೀಯ ಅಂದರೆ ಬೂತು. ಒಂದು ಮತಗಟ್ಟೆಗೆ ಹೆಚ್ಚೂಕಡಿಮೆ ಸಾವಿರ, ಸಾವಿರದಿನ್ನೂರು ಮತದಾರರು. ಆ ಪಟ್ಟಿಯನ್ನು ಸರಿಪಡಿಸೋಕೆ ಚುನಾವಣಾ ಆಯೋಗದ ಕಡೆಯಿಂದ ಒಬ್ಬ ಬಿಎಲ್‌ಒ ಇರ್ತಾರೆ, ಸಾಮಾನ್ಯವಾಗಿ ಅಂಗನವಾಡಿ ಕಾರ್ಯಕರ್ತೆಯೋ ಶಾಲೆ ಮೇಷ್ಟ್ರೋ. ಅವರ ಜೊತೆ ಪ್ರತಿ ಪಕ್ಷವೂ ತನ್ನ ಕಡೆಯಿಂದ ಬೂತ್ ಮಟ್ಟದ ಏಜೆಂಟ್ ಒಬ್ಬರನ್ನು ಕೊಡಬಹುದು. ನಮ್ಮತ್ತಿಗೆ ಆ ಏಜೆಂಟ್. ಮದುವೆಯಾಗಿ ಬಂದ ಸೊಸೆಯ ಹೆಸರು ಸೇರಿಸಬೇಕಾ, ತೀರಿಹೋದ ಅಜ್ಜನ ಹೆಸರು ತೆಗೆಸಬೇಕಾ, ಹದಿನೆಂಟು ತುಂಬಿದ ಹುಡುಗನ ಫಾರಂ ತುಂಬಿಸಬೇಕಾ, ಎಲ್ಲ ಅವಳ ತಲೆಯಲ್ಲಿ. ಚುನಾವಣೆ ದಿನ ಬೆಳಗ್ಗೆ ಐದಕ್ಕೇ ಎದ್ದು ಹಾಲು ಕರೆದಿಟ್ಟು, ಮತಗಟ್ಟೆಯೊಳಗೆ ಪೋಲಿಂಗ್ ಏಜೆಂಟ್ ಆಗಿ ಕೂರ್ತಾಳೆ. ಮತದಾನ ಶುರುವಾಗೋ ಮೊದಲು ನಡೆಯೋ ಅಣಕು ಮತದಾನ ನೋಡಿ ಸಹಿ ಹಾಕೋದರಿಂದ ಹಿಡಿದು, ಸಂಜೆ ಎಷ್ಟು ಮತ ಬಿತ್ತು ಅನ್ನೋ 17ಸಿ ನಮೂನೆಯ ಪ್ರತಿ ಇಸ್ಕೊಂಡು ಬರೋವರೆಗೂ ಅವಳು ಅಲ್ಲಾಡಲ್ಲ. ಸಂಬಳ ಇಲ್ಲ. ಕೆಲವು ಸಲ ಮಧ್ಯಾಹ್ನದ ಊಟವೂ ಬಂದಿರಲ್ಲ.

ಈ ಬೂತಿನ ಮೇಲೆ ಅಟ್ಟಕ್ಕೆ ಅಟ್ಟ ಕಟ್ಟಿದ ಹಾಗೆ ಸಮಿತಿಗಳಿವೆ. ಕಾಂಗ್ರೆಸ್‌ನಲ್ಲಿ ಬೂತ್ ಸಮಿತಿ, ಬ್ಲಾಕ್ ಸಮಿತಿ, ಜಿಲ್ಲಾ ಸಮಿತಿ, ಆಮೇಲೆ ಕೆಪಿಸಿಸಿ, ಎಐಸಿಸಿ. ಬಿಜೆಪಿಯಲ್ಲಿ ಮತದಾರರ ಪಟ್ಟಿಯ ಒಂದೊಂದು ಪುಟಕ್ಕೂ ಒಬ್ಬ ಪೇಜ್ ಪ್ರಮುಖ್, ಅದರ ಮೇಲೆ ಬೂತ್ ಸಮಿತಿ, ಕೆಲವು ಬೂತು ಸೇರಿ ಶಕ್ತಿ ಕೇಂದ್ರ, ಆಮೇಲೆ ಮಂಡಲ, ಜಿಲ್ಲೆ, ರಾಜ್ಯ. ಕಮ್ಯುನಿಸ್ಟ್ ಪಕ್ಷಗಳಲ್ಲಿ ಶಾಖೆಯಿಂದ ಶುರುವಾಗಿ ಒಂದೊಂದು ಹಂತದಲ್ಲೂ ಸಮ್ಮೇಳನ ನಡೆದು, ಅಲ್ಲಿ ಆರಿಸಿದ ಪ್ರತಿನಿಧಿಗಳು ಮೇಲಿನ ಸಮ್ಮೇಳನಕ್ಕೆ ಹೋಗ್ತಾರೆ. ಎಲ್ಲರ ಹತ್ತಿರವೂ ನಿಯಮಾವಳಿಯ ಪುಸ್ತಕ ಇದೆ. ಅದರಲ್ಲಿ ಸದಸ್ಯತ್ವ, ಅವಧಿ, ಚುನಾವಣೆ ಎಲ್ಲ ಚೆನ್ನಾಗೇ ಬರೆದಿದೆ. ಸಮಿತಿಗಳಲ್ಲಿ ಮೂರನೇ ಒಂದು ಪಾಲು ಹೆಂಗಸರಿಗೆ ಅನ್ನೋ ಮಾತನ್ನೂ ದೊಡ್ಡ ಪಕ್ಷಗಳು ಒಪ್ಪಿಕೊಂಡಿವೆ.

ಪುಸ್ತಕದಲ್ಲಿ ಇರೋದು ಕೆಳಗಿಂದ ಮೇಲಕ್ಕೆ. ನಡೆಯೋದು ಮೇಲಿಂದ ಕೆಳಕ್ಕೆ.

ಹೋದ ವರ್ಷ ತಾಲ್ಲೂಕು ಘಟಕಗಳ ಪುನರ್ರಚನೆ ಅಂತ ಸುದ್ದಿ ಬಂತು. ಮಹಿಳಾ ಘಟಕಕ್ಕೆ ಈ ಸಲ ನಮ್ಮತ್ತಿಗೆಯೇ ಅಧ್ಯಕ್ಷೆ ಅಂತ ಊರೆಲ್ಲ ಮಾತಾಡಿಕೊಂಡರು. ಒಂದು ಸಂಜೆ ವಾಟ್ಸಾಪಿಗೆ ಲೆಟರ್‌ಹೆಡ್‌ನಲ್ಲಿ ಪಟ್ಟಿ ಬಂತು. ಅಧ್ಯಕ್ಷೆ ಸ್ಥಾನದಲ್ಲಿ ಆರು ತಿಂಗಳ ಹಿಂದೆ ಪಕ್ಷಕ್ಕೆ ಬಂದವರೊಬ್ಬರ ಹೆಸರು. ಅವರ ಯಜಮಾನರು ಕಂಟ್ರಾಕ್ಟರು. ಕೆಳಗೆ ಹನ್ನೊಂದು ಜನ ಉಪಾಧ್ಯಕ್ಷೆಯರು. ಅದರಲ್ಲಿ ಏಳನೆಯದು ನಮ್ಮತ್ತಿಗೆ. ಇನಿಷಿಯಲ್ಲೂ ತಪ್ಪು.

ಅಣ್ಣ ಅಂದ: "ಇನ್ನಾದ್ರೂ ಬಿಡೆ. ಹಸು ನೋಡ್ಕೊಂಡು ಮನೇಲಿರು. ನಿಂಗ್ಯಾಕೆ ಬೇಕು ಅವರ ಸಹವಾಸ?"

ನನಗೂ ಫೋನ್ ಮಾಡಿ ಹೇಳಿದಳು. ಅಳಲಿಲ್ಲ. "ನಂಗೆ ಅಧ್ಯಕ್ಷೆ ಮಾಡ್ಲಿಲ್ಲ ಅಂತ ಬೇಜಾರಿಲ್ಲ ಕಣೆ. ಡೈರಿಗೆ ಒಂದು ಎಲೆಕ್ಷನ್ ಮಾಡ್ತಾರೆ, ಇದಕ್ಕೆ ಯಾಕೆ ಮಾಡಲ್ಲ?" ಅಂದಳು.

ಆ ಮಾತು ನನ್ನ ತಲೆಯಿಂದ ಹೋಗಲಿಲ್ಲ. ಯೋಚನೆ ಮಾಡಿ ನೋಡಿ. ಊರಿನ ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ ಐದು ವರ್ಷಕ್ಕೊಮ್ಮೆ ಚುನಾವಣೆ. ಇಷ್ಟು ದಿನ ಹಾಲು ಹಾಕಿರಬೇಕು, ಸರ್ವ ಸದಸ್ಯರ ಸಭೆಗೆ ಬಂದಿರಬೇಕು, ಆಗ ಮಾತ್ರ ಓಟು. ಮತದಾರರ ಪಟ್ಟಿ ಅಂಟಿಸ್ತಾರೆ, ಚುನಾವಣಾಧಿಕಾರಿ ಬರ್ತಾರೆ, ಗುಟ್ಟಾಗಿ ಮತ ಹಾಕ್ತಾರೆ. ಹೆಂಗಸರಿಗೆ ಮೀಸಲು ಸ್ಥಾನ ಇದೆ. ಸೋತವರಿಗೆ ತಕರಾರಿದ್ದರೆ ಹೋಗೋಕೆ ಒಂದು ಜಾಗ ಇದೆ. ಸ್ತ್ರೀಶಕ್ತಿ ಸಂಘದಲ್ಲಿ ಹದಿನೈದಿಪ್ಪತ್ತು ಜನ ಚಾಪೆ ಮೇಲೆ ಕೂತು ಪ್ರತಿನಿಧಿ ಆರಿಸ್ತಾರೆ, ನಡಾವಳಿ ಬರೀತಾರೆ. ಹಾಲಿಗೆ ಇರೋ ನಿಯಮ, ನಮ್ಮನ್ನು ಆಳೋರನ್ನು ಕಳಿಸೋ ಪಕ್ಷಕ್ಕಿಲ್ಲ.

ಕಾನೂನು ಇದರಲ್ಲಿ ಹೆಚ್ಚು ಕೈಹಾಕಲ್ಲ. ಜನತಾ ಪ್ರಾತಿನಿಧ್ಯ ಕಾಯ್ದೆಗೆ 1989ರಲ್ಲಿ ಸೇರಿದ 29ಎ ಕಲಂ ಪ್ರಕಾರ ಪಕ್ಷಗಳು ಚುನಾವಣಾ ಆಯೋಗದಲ್ಲಿ ನೋಂದಣಿ ಮಾಡಿಸಬೇಕು, ತಮ್ಮ ನಿಯಮಾವಳಿ ಕೊಡಬೇಕು, ಸಂವಿಧಾನಕ್ಕೆ ನಿಷ್ಠರಾಗಿರ್ತೀವಿ ಅಂತ ಬರೆದುಕೊಡಬೇಕು. ಆದರೆ ಕೆಲವೇ ಕಾರಣಗಳನ್ನು ಬಿಟ್ಟರೆ ಒಮ್ಮೆ ಕೊಟ್ಟ ನೋಂದಣಿಯನ್ನು ಆಯೋಗ ವಾಪಸ್ ಪಡೆಯೋ ಹಾಗಿಲ್ಲ ಅಂತ 2002ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಇನ್ನು ತಾಲ್ಲೂಕು ಸಮಿತಿಯ ಪಟ್ಟಿ ಹೇಗಾಯ್ತು ಅಂತ ಕೇಳೋರು ಯಾರು?

ಮೊದಲೆಲ್ಲ ಹೀಗಿರಲಿಲ್ಲ ಅಂತ ಹಿರಿಯರು ಹೇಳ್ತಾರೆ. ಪೂರ್ತಿ ಸುಳ್ಳಲ್ಲ. 1920ರ ನಾಗಪುರ ಅಧಿವೇಶನದಲ್ಲಿ ಗಾಂಧೀಜಿ ಮುಂದಾಳತ್ವದಲ್ಲಿ ಕಾಂಗ್ರೆಸ್ಸಿಗೆ ಹೊಸ ನಿಯಮಾವಳಿ ಬಂತು. ನಾಲ್ಕಾಣೆ ಕೊಟ್ಟವರು ಸದಸ್ಯರು. ಹಳ್ಳಿ, ತಾಲ್ಲೂಕು, ಜಿಲ್ಲೆ, ಪ್ರಾಂತ ಅಂತ ಸಮಿತಿಗಳು. ಪ್ರಾಂತಗಳೂ ಭಾಷೆಯ ಲೆಕ್ಕದಲ್ಲಿ. ಕನ್ನಡದ ಜನ ಬೇರೆ ಬೇರೆ ಸರ್ಕಾರಗಳ ಕೈಕೆಳಗೆ ಚದುರಿದ್ದ ಕಾಲದಲ್ಲಿ, ರಾಜ್ಯ ಒಂದಾಗೋಕೆ ಮೂವತ್ತೈದು ವರ್ಷ ಮೊದಲೇ ಕರ್ನಾಟಕಕ್ಕೆ ಒಂದು ಪ್ರಾಂತ ಸಮಿತಿ ಸಿಕ್ಕಿದ್ದು ಹಾಗೆ. ನಾಲ್ಕು ವರ್ಷ ಕಳೆದು 1924ರಲ್ಲಿ ಬೆಳಗಾವಿಯಲ್ಲಿ ಗಾಂಧೀಜಿಯವರೇ ಅಧ್ಯಕ್ಷರಾಗಿ ಅಧಿವೇಶನ ನಡೆಯಿತು. ಹಾಗಂತ ಆಗ ಎಲ್ಲ ಸಮಾನವಾಗಿತ್ತು ಅಂತಲ್ಲ. ನಮ್ಮ ತಾತ ಹೇಳ್ತಿದ್ದರು, ಸಭೆ ನಡೆಯೋದೇ ಪಟೇಲರ ತೊಟ್ಟಿ ಮನೆಯಲ್ಲಂತೆ. ಯಾರು ಒಳಗೆ ಕೂರಬೇಕು, ಯಾರು ಜಗಲಿಯಿಂದ ಆಚೆ ನಿಲ್ಲಬೇಕು ಅನ್ನೋದು ಮೊದಲೇ ನಿರ್ಧಾರವಾಗಿರ್ತಿತ್ತಂತೆ. ಹೆಂಗಸರು ಅಡುಗೆಮನೆಯಲ್ಲಿ.

ಈಗಲೂ ಮತದಾನವೇ ನಡೆಯಲ್ಲ ಅಂತ ಅಲ್ಲ. 2022ರ ಅಕ್ಟೋಬರಿನಲ್ಲಿ ಎಐಸಿಸಿ ಅಧ್ಯಕ್ಷ ಸ್ಥಾನಕ್ಕೆ ಮತದಾನ ಆಯ್ತು. ನಮ್ಮ ರಾಜ್ಯದ ಮಲ್ಲಿಕಾರ್ಜುನ ಖರ್ಗೆಯವರಿಗೆ 7,897 ಮತ, ಶಶಿ ತರೂರ್ ಅವರಿಗೆ 1,072. ಮತ ಹಾಕಿದ್ದು ಪ್ರದೇಶ ಸಮಿತಿಗಳ ಪ್ರತಿನಿಧಿಗಳು. ಅದೇ ಸಮಯದಲ್ಲಿ ಹಲವು ಪ್ರದೇಶ ಸಮಿತಿಗಳು, ರಾಜ್ಯಾಧ್ಯಕ್ಷರನ್ನು ನೇಮಿಸೋ ಅಧಿಕಾರವನ್ನು ಹೈಕಮಾಂಡಿಗೇ ಬಿಟ್ಟು ಒಂದು ಸಾಲಿನ ನಿರ್ಣಯ ಮಾಡಿದವು. ಬೇರೆ ಪಕ್ಷಗಳಲ್ಲೂ 'ಅವಿರೋಧ ಆಯ್ಕೆ' ಅನ್ನೋದು ಎಷ್ಟು ಮಾಮೂಲು ಅಂತ ಪತ್ರಿಕೆ ಓದೋ ಎಲ್ಲರಿಗೂ ಗೊತ್ತು.

ನಮ್ಮತ್ತಿಗೆ ರಾಜೀನಾಮೆ ಕೊಡಲಿಲ್ಲ. ತಾಲ್ಲೂಕು ಅಧ್ಯಕ್ಷರ ಮನೆಗೆ ಹೋದಳು. ನಾನೂ ಊರಲ್ಲಿದ್ದೆ, ಜೊತೆಗೆ ಹೋದೆ. ಅವರು ಕೆಟ್ಟವರಲ್ಲ. ಕಾಫಿ ಕೊಡಿಸಿದರು.

"ಅಣ್ಣ, ಈ ಪಟ್ಟಿ ಹೆಂಗಾಯ್ತು ಅಂತ ಕೇಳಕ್ಕೆ ಬಂದೆ."

"ಮೇಲಿಂದ ಬಂದಿದ್ದು ಕಣಕ್ಕ. ನಮ್ಮ ಕೈಲೇನಿಲ್ಲ."

"ಮೇಲಿನವರಿಗೆ ಹೆಸರು ಕೊಟ್ಟೋರು ಯಾರು?"

"ವೀಕ್ಷಕರು ಬಂದಿದ್ರಲ್ಲ, ಐಬೀಲಿ ಎಲ್ಲರ ಅಭಿಪ್ರಾಯ ತಗೊಂಡ್ರಲ್ಲ."

"ನಮಗ್ಯಾರೂ ಹೇಳ್ಲಿಲ್ವಲ್ಲಣ್ಣ."

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಮನಸ್ಸು ಬಿಚ್ಚಿ ಮಾತಾಡಿದರು. "ಎಲೆಕ್ಷನ್ ಇಟ್ರೆ ಏನಾಗುತ್ತೆ ಗೊತ್ತೇನಕ್ಕ? ಒಂದೇ ದಿನಕ್ಕೆ ಎರಡು ಗುಂಪು. ದುಡ್ಡಿರೋನು ಐನೂರು ಜನರ ಸದಸ್ಯತ್ವ ತಾನೇ ಕಟ್ಟಿ ಕರ್ಕೊಂಡು ಬರ್ತಾನೆ. ಸೋತೋನು ಮಾರನೇ ದಿನ ಆ ಕಡೆ ಪಕ್ಷದಲ್ಲಿರ್ತಾನೆ. ಸಣ್ಣ ಜಾತಿಯೋರು ಒಬ್ಬರೂ ಗೆಲ್ಲಲ್ಲ. ಪಟ್ಟಿ ಮಾಡಿದ್ರೆ ಹೋಬಳಿಗೊಬ್ಬರು, ಜಾತಿಗೊಬ್ಬರು ಅಂತ ಕೂರಿಸಬಹುದು."

ಈ ಮಾತನ್ನು ತಳ್ಳಿಹಾಕೋಕಾಗಲ್ಲ. ಹನ್ನೊಂದು ಉಪಾಧ್ಯಕ್ಷೆಯರು ಯಾಕೆ ಅಂತ ನನಗೆ ಆಗ ಅರ್ಥ ಆಯ್ತು. ಪಟ್ಟಿಯನ್ನು ಇನ್ನೊಮ್ಮೆ ಓದಿದರೆ, ಅದು ನಮ್ಮ ತಾಲ್ಲೂಕಿನ ಜಾತಿ, ಹೋಬಳಿಗಳ ನಕ್ಷೆಯ ಹಾಗೇ ಇತ್ತು. ಎಲ್ಲರಿಗೂ ಒಂದೊಂದು ಕುರ್ಚಿ. ಅಧಿಕಾರ ಇರೋ ಕುರ್ಚಿ ಮಾತ್ರ ಒಂದೇ.

"ಮಾಡೋದು ಅಷ್ಟೊಂದು ಇದ್ಯೇನೆ ಆ ಸಮಿತೀಲಿ?" ಅಂತ ನೀವು ಕೇಳಬಹುದು. ಇದೆ. ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿ ಚುನಾವಣೆ ಪಕ್ಷದ ಚಿಹ್ನೆ ಮೇಲೆ ನಡೆಯಲ್ಲ. ಅರ್ಧದಷ್ಟು ಸ್ಥಾನ ಹೆಂಗಸರಿಗೆ ಮೀಸಲು. ಆದರೆ ಯಾವ ಮನೆಯ ಹೆಂಗಸು ನಿಲ್ಲಬೇಕು, ಯಾರು ಅವರ ಜೊತೆ ಮನೆಮನೆ ಸುತ್ತಬೇಕು ಅನ್ನೋದು ಈ ಸಮಿತಿಯವರ ಮಧ್ಯೆಯೇ ತೀರ್ಮಾನವಾಗುತ್ತೆ. ತಾಲ್ಲೂಕು, ಜಿಲ್ಲಾ ಪಂಚಾಯಿತಿಗೆ ಟಿಕೆಟ್ ಕೇಳೋ ದಾರಿಯೂ ಇದೇ. ಸರ್ಕಾರ ಬದಲಾದಾಗ ಆಶ್ರಯ ಸಮಿತಿ, ಬಗರ್ ಹುಕುಂ ಸಮಿತಿ, ಈಚೆಗೆ ಗ್ಯಾರಂಟಿ ಅನುಷ್ಠಾನ ಸಮಿತಿ ಅಂತ ನಾಮನಿರ್ದೇಶನ ಆಗೋ ಜಾಗಗಳಿಗೆ ಹೆಸರು ಹೋಗೋದೂ ಇಲ್ಲಿಂದಲೇ. ಸೂರಿಲ್ಲದ ವಿಧವೆಯ ಅರ್ಜಿ ಮೇಲೆ ಬರುತ್ತೋ ಕೆಳಗೇ ಉಳಿಯುತ್ತೋ ಅನ್ನೋದಕ್ಕೂ, ಈ ಪಟ್ಟಿಯಲ್ಲಿ ಯಾರಿದ್ದಾರೆ ಅನ್ನೋದಕ್ಕೂ ಸಂಬಂಧ ಇದೆ. ಮೇಲಿಂದ ನೇಮಕ ಆದವರು ಮೇಲಕ್ಕೇ ಮುಖ ಮಾಡಿ ನಿಲ್ತಾರೆ. ಬೀದಿಯವರು ಆರಿಸಿದ್ದರೆ ಬೀದಿ ಕಡೆ ಒಂದು ಸಲವಾದರೂ ತಿರುಗಿ ನೋಡಲೇಬೇಕು.

ಅಧ್ಯಕ್ಷರ ಮಾತಿಗೆ ನಮ್ಮತ್ತಿಗೆ ವಾದ ಮಾಡಲಿಲ್ಲ. "ಸರಿ ಅಣ್ಣ, ತಾಲ್ಲೂಕಿಂದು ನಿಮ್ಮಿಷ್ಟ. ನಮ್ಮ ಬೂತಿಂದು ನಾವು ಕೂತು ಆರಿಸ್ತೀವಿ. ನೀವು ಬೇಡ ಅನ್ಬಾರ್ದು" ಅಂದಳು. ಅವರು ನಕ್ಕು, "ಆಯ್ತು ಮಾಡಕ್ಕ, ಯಾರು ಬೇಡ ಅಂತಾರೆ" ಅಂದರು. ಯಾರೂ ಬರಲ್ಲ ಅಂದುಕೊಂಡಿದ್ದರೋ ಏನೋ.

ಒಂದು ಭಾನುವಾರ ಮಧ್ಯಾಹ್ನ ನಮ್ಮ ಮನೆಯ ಪಡಸಾಲೆಯಲ್ಲೇ ಸಭೆ. ಸಂಘದ ನಡಾವಳಿ ಪುಸ್ತಕದಂಥದ್ದೇ ಒಂದು ನೋಟ್‌ಬುಕ್ ತಂದಿದ್ದಳು. ಮೂರು ದಿನ ಮೊದಲೇ ಮನೆಮನೆಗೆ ಹೋಗಿ ಹೇಳಿದ್ದಳು, ಕಾಲೋನಿಗೂ ಹೋಗಿ ಹೇಳಿದ್ದಳು. ಇಪ್ಪತ್ಮೂರು ಜನ ಬಂದರು, ಅದರಲ್ಲಿ ಒಂಬತ್ತು ಹೆಂಗಸರು. ಅಣ್ಣ ಗೊಣಗುತ್ತಲೇ ಚಾಪೆ ಹಾಸಿದ, ಮಜ್ಜಿಗೆಗೆ ಉಪ್ಪು ಹಾಕಿದ. ಬೂತ್ ಅಧ್ಯಕ್ಷ ಸ್ಥಾನಕ್ಕೆ ಇಬ್ಬರು ಹೆಸರು ಕೊಟ್ಟರು. ಕೈ ಎತ್ತೋದು ಬೇಡ, ಮುಖ ನೋಡಿ ಎತ್ತುತಾರೆ ಅಂತ ಕಾಲೋನಿಯ ಒಬ್ಬ ಹುಡುಗ ಅಂದ. ಹಾಗಾಗಿ ಚೀಟಿ. ಹಿತ್ತಾಳೆ ಚೊಂಬಿಗೆ ಹಾಕಿದ್ದು, ಎಣಿಸಿದ್ದು ಎಲ್ಲರ ಮುಂದೆ. ಹದಿನೈದು, ಎಂಟು. ಗೆದ್ದದ್ದು ನಮ್ಮತ್ತಿಗೆ. ಕಾರ್ಯದರ್ಶಿಯಾಗಿ ಡಿಗ್ರಿ ಓದುತ್ತಿರೋ ಒಬ್ಬಳು ಹುಡುಗಿ, ಮತದಾರರ ಪಟ್ಟಿಗೆ ಹೆಸರು ಸೇರಿ ಒಂದೇ ವರ್ಷ ಆಗಿತ್ತು. ಎಂಟು ಮತ ಪಡೆದವರು ಮುಖ ಗಂಟು ಹಾಕಿಕೊಂಡು ಎದ್ದು ಹೋಗ್ತಾರೆ ಅಂತ ನಾನು ಅಂದುಕೊಂಡಿದ್ದೆ. ಅವರು ಮಜ್ಜಿಗೆ ಕುಡಿದು, ನೋಟ್‌ಬುಕ್‌ಗೆ ಸಹಿ ಹಾಕಿ, "ಮುಂದಿನ ಸಲ ನೋಡ್ಕಂತೀನಿ ಬಿಡಕ್ಕ" ಅಂದು ಹೋದರು. ಇಂಥ ಸೋಲನ್ನು ಮನುಷ್ಯ ಸಹಿಸಬಲ್ಲ. ಯಾರು ಸೋಲಿಸಿದರು ಅಂತಲೇ ಗೊತ್ತಾಗದ ಸೋಲು ಮಾತ್ರ ಒಳಗೇ ಕೊರೆಯುತ್ತೆ.

ನಡಾವಳಿಯ ಜೆರಾಕ್ಸ್ ತಾಲ್ಲೂಕು ಕಚೇರಿಗೆ ಕೊಟ್ಟು ಬಂದಳು. ಉತ್ತರ ಬರಲಿಲ್ಲ. ಒಂದು ತಿಂಗಳಾದ ಮೇಲೆ ಬಂದ ಬೂತ್ ಸಮಿತಿಗಳ ಪಟ್ಟಿಯಲ್ಲಿ ನಮ್ಮ ಬೂತಿನ ಹೆಸರುಗಳು ಹಾಗೇ ಇದ್ದವು. ಇನಿಷಿಯಲ್ಲೂ ಸರಿಯಾಗಿತ್ತು. ತಾಲ್ಲೂಕು ಮಹಿಳಾ ಘಟಕದ ಅಧ್ಯಕ್ಷೆ ಬದಲಾಗಲಿಲ್ಲ. ಅವರು ಒಮ್ಮೆ ಫೋನ್ ಮಾಡಿ, "ನಿಮ್ಮೂರಲ್ಲಿ ಸಭೆ ಹೆಂಗೆ ಮಾಡಿದ್ರಿ ಅಕ್ಕ, ನಮ್ಮೂರಲ್ಲೂ ಮಾಡಣ ಅಂತಿದೀನಿ" ಅಂತ ಕೇಳಿದರಂತೆ. ಮಾಡಿದರೋ ಇಲ್ಲವೋ, ಕೇಳಿದ್ದಂತೂ ನಿಜ.

ಒಂದು ಹಳ್ಳಿಯ ಒಂದು ಬೂತಿನಲ್ಲಿ ಇಪ್ಪತ್ಮೂರು ಚೀಟಿ ಎಣಿಸಿದರೆ ದೇಶ ಬದಲಾಗುತ್ತೆ ಅಂತ ನಾನು ಹೇಳ್ತಿಲ್ಲ. ಆದರೆ ನಿಮ್ಮ ಮನೆಯಲ್ಲೂ ಯಾವುದಾದರೂ ಪಕ್ಷಕ್ಕೆ ಓಡಾಡೋ ಅಣ್ಣನೋ ಭಾವನೋ ಸೊಸೆಯೋ ಇದ್ದರೆ, ಊಟಕ್ಕೆ ಕೂತಾಗ ಮೂರು ಪ್ರಶ್ನೆ ಕೇಳಿ ನೋಡಿ. ನಿಮ್ಮ ಸಮಿತಿಯ ಸಭೆ ಕಡೇ ಸಲ ಯಾವಾಗ ಆಯ್ತು? ನಡಾವಳಿ ಪುಸ್ತಕ ಯಾರ ಮನೆಯಲ್ಲಿದೆ? ನಿಮ್ಮ ಹೆಸರನ್ನು ಪಟ್ಟಿಗೆ ಸೇರಿಸಿದವರು ಯಾರು? ಮೂರಕ್ಕೂ ಉತ್ತರ ಸಿಕ್ಕಿದರೆ ನೀವು ಪುಣ್ಯವಂತರು. ಸಿಗದೇ ಹೋದರೆ, ಒಂದು ನೋಟ್‌ಬುಕ್ಕಿನ ಬೆಲೆ ಈಗಲೂ ಐವತ್ತು ರೂಪಾಯಿ ದಾಟಿಲ್ಲ.